ಬೇಡದ ಸಾಮಾನಿಗೆ ಮೊದಲು ಜಾಗ ನೋಡಿ, ಆಮೇಲೆ ಅಟ್ಟ ಹತ್ತಿ

ದಸರೆಗೋ ದೀಪಾವಳಿಗೋ ಮನೆ ಕ್ಲೀನ್ ಮಾಡುವಾಗ ಪ್ರತಿ ವರ್ಷ ಒಂದೇ ಕತೆ. ಅಟ್ಟದ ಮೇಲಿನದೆಲ್ಲ ಕೆಳಗೆ ಬರುತ್ತದೆ. ಧೂಳು ಒರೆಸುತ್ತೇವೆ, ಸ್ವಲ್ಪ ಹೊತ್ತು ತಿರುಗಿಸಿ ನೋಡುತ್ತೇವೆ. "ಇರ್ಲಿ ಬಿಡು, ಯಾವತ್ತಾದ್ರೂ ಬೇಕಾಗುತ್ತೆ" ಎಂದು ಮತ್ತೆ ಅಲ್ಲಿಗೇ ಏರಿಸುತ್ತೇವೆ. ಇದನ್ನು ಜಿಪುಣತನ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಲಸಕ್ಕೆ ಬರುವ ವಸ್ತುವನ್ನು ಕಸಕ್ಕೆ ಹಾಕಲು ನಮಗೆ ಮನಸ್ಸು ಬರುವುದಿಲ್ಲ, ಅಷ್ಟೇ. ಅದು ಒಳ್ಳೆಯ ಗುಣವೇ ಅಲ್ವಾ? ಆದರೆ ಆ ವಸ್ತು ಯಾರಿಗೆ ಬೇಕು, ಎಲ್ಲಿಗೆ ಹೋಗಬೇಕು ಅನ್ನುವುದು ಗೊತ್ತಿರುವುದಿಲ್ಲ. ಗೊತ್ತಾದ ದಿನ ಯಾರೂ ಹೇಳದೆ ಕೈ ತಾನಾಗಿಯೇ ಬಿಟ್ಟುಕೊಡುತ್ತದೆ.

ಅದಕ್ಕೇ ಇಲ್ಲಿ ಮೊದಲು ಜಾಗ ಹುಡುಕುವ ಕೆಲಸ. ಸಾಮಾನು ಇಳಿಸುವುದು ಆಮೇಲೆ.

ಹೆಜ್ಜೆ 1: ಯಾವುದು ಎಲ್ಲಿಗೆ ಅಂತ ಬರೆದಿಟ್ಟುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಬಟ್ಟೆ, ಪಾತ್ರೆ, ಪುಸ್ತಕ, ಪೇಪರ್, ಕರೆಂಟಿನ ಸಾಮಾನು, ಔಷಧಿ, ಮರದ ಸಾಮಾನು ಅಂತ ಬರೆಯಿರಿ. ಬಲಗಡೆ ಒಂದೊಂದಕ್ಕೂ ನಿಮ್ಮೂರಲ್ಲಿ ಯಾರು ತಗೊಳ್ತಾರೆ ಅಂತ ವಿಚಾರಿಸಿ ಬರೆಯಿರಿ. ಒಂದೆರಡು ಸಂಜೆ ಫೋನ್ ಮಾಡಿದರೆ ಮುಗಿಯುವ ಕೆಲಸ.

ಬೆಂಗಳೂರಲ್ಲಿದ್ದರೆ ನಿಮ್ಮ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರ ಎಲ್ಲಿದೆ ಅಂತ ತಿಳಿದುಕೊಳ್ಳಿ. ಹಲವು ಕೇಂದ್ರಗಳನ್ನು ಮೊದಲು ಬೀದಿಯಲ್ಲಿ ಕಸ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. ಅವರನ್ನು ಸಂಘಟಿಸಿದ ಹಸಿರು ದಳದಂಥ ಸಂಸ್ಥೆಗಳು ನಗರದಲ್ಲಿವೆ. ಹಳ್ಳಿಯಲ್ಲಿದ್ದರೆ ಒಣ ಕಸ ತಂದು ಬೇರೆ ಮಾಡುವ ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣ ಇರುತ್ತದೆ. ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಅದನ್ನು ನೋಡಿಕೊಳ್ಳುತ್ತಾರೆ, ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿಯನ್ನೂ ಅವರೇ ಓಡಿಸುತ್ತಾರೆ. ಬೀದಿ ಕೊನೆಯ ಗುಜರಿ ಅಂಗಡಿಯವರ ನಂಬರೂ ಹಾಳೆಯಲ್ಲಿರಲಿ. ಉತ್ತರ ಕರ್ನಾಟಕದವರಿಗೆ ರದ್ದಿ ಅಂಗಡಿ ಅಂದರೆ ಬೇಗ ಗೊತ್ತಾಗುತ್ತದೆ. ಗುಜರಿಯವರಿಗೆ ಕೊಟ್ಟರೆ ಮರ್ಯಾದೆ ಕಮ್ಮಿ ಅಂದುಕೊಳ್ಳಬೇಡಿ. ಕಬ್ಬಿಣ, ಅಲ್ಯೂಮಿನಿಯಂ, ರಟ್ಟು, ಬಾಟಲಿ ಎಲ್ಲವನ್ನೂ ಬೇರೆ ಮಾಡಿ ಮತ್ತೆ ಬಳಕೆಗೆ ದಾಟಿಸುವವರು ಅವರೇ.

ಹಾಳೆ ಸಿದ್ಧವಾಗುವ ತನಕ ಒಂದು ಡಬ್ಬವನ್ನೂ ಇಳಿಸಬೇಡಿ.

ಹೆಜ್ಜೆ 2: ನೆನಪಿಲ್ಲದ ಸಾಮಾನಿನಿಂದ ಶುರು ಮಾಡಿ

ಮೊದಲ ದಿನವೇ ಅಜ್ಜಿಯ ಟ್ರಂಕು ತೆಗೆದರೆ ಸಂಜೆ ತನಕ ಅಲ್ಲೇ ಕೂತಿರುತ್ತೀರಿ. ಅಡುಗೆಮನೆಯಿಂದ ಶುರು ಮಾಡಿ. ಅಲ್ಲಿ ಮನಸ್ಸಿಗೆ ಅಂಟಿದ್ದು ಕಮ್ಮಿ.

ಕವರೊಳಗೆ ಕವರು ತುರುಕಿದ ದೊಡ್ಡ ಕವರು ಎಲ್ಲರ ಮನೆಯಲ್ಲೂ ಇದೆ. ಗಟ್ಟಿಯಾದ ಹತ್ತು ಇಟ್ಟುಕೊಂಡು ಉಳಿದದ್ದನ್ನು ಮಡಚಿ ತರಕಾರಿಯವರಿಗೆ ಬೇಕಾ ಕೇಳಿ, ಬೇಡ ಅಂದರೆ ಒಣ ಕಸಕ್ಕೆ. ಮುಚ್ಚಳ ಕಳೆದ ಡಬ್ಬಿ, ಡಬ್ಬಿ ಕಳೆದ ಮುಚ್ಚಳ, ಐಸ್‌ಕ್ರೀಂ ಬಾಕ್ಸು, ಈಗಿಲ್ಲದ ಕುಕ್ಕರಿನ ಗ್ಯಾಸ್ಕೆಟ್, ಸುಟ್ಟುಹೋದ ಮಿಕ್ಸಿಯ ಜಾರು. ಇವುಗಳ ಮುಂದೆ ಯೋಚನೆ ಮಾಡುತ್ತಾ ನಿಲ್ಲಬೇಡಿ. ಲೇಪ ಎದ್ದುಹೋದ ನಾನ್‌ಸ್ಟಿಕ್ ತವಾ ಇನ್ನೊಬ್ಬರಿಗೆ ಕೊಡುವಂಥದ್ದಲ್ಲ, ಗುಜರಿಗೇ ಹೋಗಲಿ. ಸಾರಿನ ಪುಡಿ, ಹಪ್ಪಳ, ಊರಿಂದ ಬಂದ ಹುಣಸೆಹಣ್ಣು ಇವನ್ನೆಲ್ಲ ಒಮ್ಮೆ ಮೂಸಿ ನೋಡಿ. ಹುಳ ಬಿದ್ದದ್ದು ಗೊಬ್ಬರಕ್ಕೆ.

ಆಮೇಲೆ ಔಷಧಿ ಡಬ್ಬ. ತಾರೀಖು ಮುಗಿದ ಮಾತ್ರೆ, ಅರ್ಧ ಉಳಿದ ಆಂಟಿಬಯಾಟಿಕ್, ಹೆಸರು ಅಳಿಸಿಹೋದ ಸಿರಪ್ಪು ಬೇರೆ ತೆಗೆಯಿರಿ. ಸಿಂಕಿಗೆ ಸುರಿಯಬೇಡಿ, ಒಣ ಕಸದಲ್ಲೂ ಸೇರಿಸಬೇಡಿ. 2015ರಲ್ಲಿ ಹೈಕೋರ್ಟು ಬೆಂಗಳೂರಿಗೆ ಎರಡು ಬುಟ್ಟಿ ಒಂದು ಚೀಲದ ಪದ್ಧತಿ ಕಡ್ಡಾಯ ಮಾಡಿತಲ್ಲ, ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಬ್ಯಾಂಡೇಜಿನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಮಾತ್ರೆಯನ್ನು ಪೇಪರಿನಲ್ಲಿ ಸುತ್ತಿ, ಏನೆಂದು ಬರೆದು, ಕೆಂಪು ಬುಟ್ಟಿಯ ಕಸ ಒಯ್ಯುವವರಿಗೆ ಹೇಳಿ ಕೊಡಿ. ಇನ್ಸುಲಿನ್ ಸೂಜಿ ಇದ್ದರೆ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಕಸ ಬೇರೆ ಮಾಡುವವರು ಬರಿಗೈ ಹಾಕಿ ಮಾಡುತ್ತಾರೆ. ಇದನ್ನು ದಯವಿಟ್ಟು ಮರೆಯಬೇಡಿ.

ಹೆಜ್ಜೆ 3: ಅಟ್ಟದ ಪಾತ್ರೆಗಳು

ನಮ್ಮ ಮನೆಗಳ ಅಟ್ಟದಲ್ಲಿ ಅರ್ಧ ಜಾಗ ಪಾತ್ರೆಗಳದ್ದೇ. ಮದುವೆಗೆ ಬಂದದ್ದು, ಗೃಹಪ್ರವೇಶಕ್ಕೆ ಬಂದದ್ದು, ಸೀಮಂತಕ್ಕೆ ಬಂದದ್ದು. ಎಲ್ಲವನ್ನೂ ನೆಲಕ್ಕೆ ಇಳಿಸಿ ಲೋಹದ ಪ್ರಕಾರ ಬೇರೆ ಮಾಡಿ: ಸ್ಟೀಲು, ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಕಂಚು.

ಸ್ಟೀಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ. ಕಂಠದ ಹತ್ತಿರ ಸಣ್ಣ ಸಣ್ಣ ಚುಕ್ಕೆಗಳಲ್ಲಿ ಹೆಸರು ಕೊರೆದಿರುತ್ತಾರೆ. ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ಮದುವೆಯ ತಾರೀಖು. ಅಂಗಡಿಯವನು ಮಷಿನ್ನು ಹಿಡಿದು ಗರ್‌ರ್ ಅಂತ ಬರೆದ ಅಕ್ಷರ. ಸೋದರತ್ತೆ ಕೊಟ್ಟ ಚೊಂಬು, ಅಜ್ಜಿಯ ಹೆಸರಿನ ಡಬರಿ ಹೀಗೆ ಒಬ್ಬೊಬ್ಬರದ್ದು ಒಂದೊಂದು ಇಟ್ಟುಕೊಳ್ಳಿ, ಅಟ್ಟದಲ್ಲಲ್ಲ, ದಿನಾ ಬಳಸುವ ಸ್ಟ್ಯಾಂಡಿನಲ್ಲಿ. ಪರಿಚಯವೇ ಇಲ್ಲದ ಹೆಸರಿನ ಎಂಟು ಲೋಟದ ಸೆಟ್ಟು ಹೋಗಲಿ. ಮುದ್ರೆ ಒಡೆಯದ ಸೆಟ್ಟಿದ್ದರೆ ಅಂಗನವಾಡಿಗೆ, ವೃದ್ಧಾಶ್ರಮಕ್ಕೆ ಕೇಳಿ ಕೊಡಿ. ದೊಡ್ಡ ಕೊಳದಪ್ಪಲೆ, ಕೊಪ್ಪರಿಗೆ, ಅನ್ನ ಬಸಿಯುವ ಜರಡಿ ಇದ್ದರೆ ಊರಿನ ದೇವಸ್ಥಾನದಲ್ಲಿ ದಾಸೋಹ ನಡೆಯುತ್ತಾ ನೋಡಿ. ವರ್ಷಕ್ಕೊಮ್ಮೆಯೂ ಕೆಳಗಿಳಿಯದ ಪಾತ್ರೆ ಅಲ್ಲಿ ವಾರ ವಾರ ಒಲೆ ಹತ್ತುತ್ತದೆ.

ಹಿತ್ತಾಳೆ, ಕಂಚು ತೂಕಕ್ಕೆ ಹೋಗುತ್ತದೆ. ಪಾತ್ರೆ ಅಂಗಡಿಯವರು ಹಳೆಯದನ್ನು ತೂಕ ಹಾಕಿ ಹೊಸದಕ್ಕೆ ವಜಾ ಮಾಡಿಕೊಳ್ಳುತ್ತಾರೆ. ಗುಜರಿಗೂ ಪಾತ್ರೆ ಅಂಗಡಿಗೂ ಬೆಲೆಯಲ್ಲಿ ವ್ಯತ್ಯಾಸ ಇರುತ್ತದೆ, ಎರಡು ಮೂರು ಕಡೆ ಕೇಳಿ. ಮಾರುವ ಮುಂಚೆ ಇನ್ನೊಂದು ಯೋಚನೆ ಮಾಡಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದರೆ ಹುಣಸೆ ಹಾಕಿದ ಸಾರನ್ನೂ ಅದರಲ್ಲಿ ಮಾಡಬಹುದು. ನಿಜವಾಗಿ ಬಳಸುತ್ತೀರಿ ಅಂದರೆ ಒಂದು ಇಟ್ಟುಕೊಂಡು ಕಲಾಯಿ ಹಾಕಿಸಿ. ಸುಮ್ನೆ ಕಪ್ಪಗಾಗಲು ಇಡುವುದಾದರೆ ಬೇಡ.

ಹೆಜ್ಜೆ 4: ಬಟ್ಟೆ, ಅದರಲ್ಲೂ ಸೀರೆ

ಮಂಚದ ಮೇಲೆ ಬೀರು ಪೂರ್ತಿ ಖಾಲಿ ಮಾಡಿ. ಹಾಕಿಕೊಳ್ಳುವುದು ವಾಪಸ್ ಒಳಗೆ. ಬಿಗಿಯಾದದ್ದು, ಇಷ್ಟವಿಲ್ಲದ್ದು ಕೊಡಲಿಕ್ಕೆ. ಹರಿದದ್ದು ಮೂರನೇ ರಾಶಿ.

ಕೊಡುವ ರಾಶಿಗೆ ನನ್ನ ಮನೆಯಲ್ಲಿ ಒಂದೇ ನಿಯಮ: ಒಗೆದು, ಗುಂಡಿ ಹಾಕಿ, ಮಡಚಿದ್ದು ಮಾತ್ರ. ಕರೆ ಹಿಡಿದ ಅಂಗಿ, ಜಿಪ್ ಹೋದ ಪ್ಯಾಂಟು ದಾನ ಆಗುವುದಿಲ್ಲ. ನಮ್ಮ ಕಸವನ್ನು ಬಡವರ ಮನೆಗೆ ಸಾಗಿಸಿದಂತಾಗುತ್ತದೆ. ಮನೆಕೆಲಸಕ್ಕೆ ಬರುವವರಿಗೆ ಕೊಡುವಾಗಲೂ ಚೀಲ ಕಟ್ಟಿ ಕೈಗೆ ತುರುಕಬೇಡಿ. ಹರಡಿಟ್ಟು, "ಬೇಕಾದ್ದು ಮಾತ್ರ ನೋಡಿ ತಗೊಳ್ಳಿ ಅಕ್ಕಾ" ಅನ್ನಿ. ಬೇಡ ಅನ್ನುವ ಅವಕಾಶ ಅವರಿಗೂ ಇರಬೇಕು. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ 1999ರಿಂದ ಈ ಕೆಲಸ ಮಾಡುತ್ತಿರುವ ಗೂಂಜ್ ಸಂಸ್ಥೆ ಇದೆ. ಹಳ್ಳಿಗಳಲ್ಲಿ ಜನ ಸೇರಿ ಬಾವಿ, ರಸ್ತೆ ಕೆಲಸ ಮಾಡಿಕೊಂಡಾಗ ಅದಕ್ಕೆ ಪ್ರತಿಯಾಗಿ ಬಟ್ಟೆ ಕೊಡುವುದು ಅವರ ಪದ್ಧತಿ. ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡುಗಳನ್ನೂ ಮಾಡುತ್ತಾರೆ.

ಹರಿದ ಹತ್ತಿ ಸೀರೆ, ಪಂಚೆಗೆ ನಮ್ಮಲ್ಲೇ ಬಹಳ ಹಳೆಯ ದಾರಿಯಿದೆ. ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯುತ್ತಾರೆ. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಕೈ ಹೊಲಿಗೆ ಹಾಕುತ್ತಾರೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ, ಅಂದರೆ ಕವಂದಿ, ಇನ್ನೊಂದು ಚಂದ. ಅಂಚಿನಿಂದ ಶುರುವಾದ ಹೊಲಿಗೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ, ನಾಲ್ಕು ಮೂಲೆಗೆ ಹೂವಿನ ಹಾಗೆ ಮಡಚಿದ ತುಂಡು. ಅಮ್ಮನ ನಾಲ್ಕು ಹಳೆ ಸೀರೆ ಬೀರುವಿನಲ್ಲಿ ಮಡಚಿಟ್ಟರೆ ವರ್ಷಕ್ಕೊಮ್ಮೆ ನೋಡುತ್ತೀರಿ. ಕೌದಿ ಹೊಲಿಸಿದರೆ ದಿನಾ ಹೊದೆಯುತ್ತೀರಿ. ಹೊಲಿಯುವವರಿಗೆ ಕೂಲಿ ಕೊಡುವಾಗ ಚೌಕಾಸಿ ಮಾಡಬೇಡಿ, ಒಂದು ಕೌದಿಗೆ ಎಷ್ಟು ದಿನದ ಕೈಕೆಲಸ ಅಂತ ಕೇಳಿ ತಿಳಿದುಕೊಳ್ಳಿ.

ಇನ್ನು ರೇಷ್ಮೆ. ಜರಿ ಕಪ್ಪಾಗಿದ್ದರೂ ಗುಜರಿ ಬೆಲೆಗೆ ಕೊಡಬೇಡಿ. ಮೊದಲು ಒಂದು ಎಳೆ ಪರೀಕ್ಷೆ ಮಾಡಿ. ಅಂಚಿನ ಒಳಭಾಗದಿಂದ ಸಣ್ಣ ಎಳೆ ಬಿಡಿಸಿ ಉಗುರಿನಿಂದ ಕೆರೆಯಿರಿ. ಒಳಗೆ ಕೆಂಪು ರೇಷ್ಮೆ ನೂಲು ಕಂಡರೆ ಅಸಲಿ ಜರಿ ಇರುವ ಸಾಧ್ಯತೆ ಜಾಸ್ತಿ. ಬೆಂಕಿಗೆ ಹಿಡಿದಾಗ ಕರಗಿ ಉಂಡೆಯಾದರೆ ಅದು ಪ್ಲಾಸ್ಟಿಕ್. ಮೈಸೂರು ಸಿಲ್ಕ್ ನೇಯುವ ಸರ್ಕಾರಿ ಸಂಸ್ಥೆ ಕೆ.ಎಸ್.ಐ.ಸಿ.ಯ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುತ್ತದೆ. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆ ಹಳೆ ಜರಿ ಸೀರೆ ಕೊಳ್ಳುವ ಅಂಗಡಿಗಳಿವೆ. ಅಂಗಡಿಯಿಂದ ಅಂಗಡಿಗೆ ಬೆಲೆ ಬಹಳ ಬದಲಾಗುತ್ತದೆ, ಮೊದಲ ಅಂಗಡಿಯಲ್ಲೇ ಒಪ್ಪಿಕೊಳ್ಳಬೇಡಿ. ಇಟ್ಟುಕೊಳ್ಳುವ ಸೀರೆಯನ್ನು ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಸೀರೆ ಹರಿಯುವುದು ಮಡಿಕೆಯಲ್ಲೇ.

ಹೆಜ್ಜೆ 5: ಕಾಗದ ಪತ್ರ

ಇಲ್ಲಿ ಅವಸರ ಬೇಡ. ಎಸೆಯುವ ಮುಂಚೆ ಪ್ರತಿ ಹಾಳೆಯನ್ನೂ ಓದಿ.

ಕ್ರಯಪತ್ರ, ಅದರ ಹಿಂದಿನ ಮೂಲ ಪತ್ರಗಳು, ವಿಭಾಗ ಪತ್ರ, ಉಯಿಲು, ಖಾತಾ, ಹಳೆಯ ಪಹಣಿ, ಕಂದಾಯದ ರಸೀದಿ ಇವು ಯಾವತ್ತಿಗೂ ಮನೆಯಲ್ಲೇ ಇರಬೇಕು. ಕೈಬರಹದ್ದು, ಹರಿದದ್ದು, ಓದಲು ಬಾರದ್ದು ಅಂತ ಬಿಸಾಡಬೇಡಿ. ಜಮೀನಿನ ವಿಚಾರ ಬಂದಾಗ ವಕೀಲರು ಕೇಳುವುದು ಅದನ್ನೇ. ಜನನ, ಮರಣ, ಮದುವೆಯ ಪತ್ರಗಳು ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೂ ಹಾಗೆಯೇ. 2015ರಲ್ಲಿ ಬಂದ ಡಿಜಿಲಾಕರಿನಲ್ಲಿ ಅಂಕಪಟ್ಟಿ, ಲೈಸೆನ್ಸು ಸಿಗುತ್ತವೆ ನಿಜ, ಆದರೂ ಅಸಲಿ ಕೈಯಲ್ಲಿರಲಿ. ಆದಾಯ ತೆರಿಗೆಯ ಕಾಗದ, ಬ್ಯಾಂಕ್ ವಿವರ ಏಳೆಂಟು ವರ್ಷ ಇಟ್ಟರೆ ಕ್ಷೇಮ. ಸಾಲ ತೀರಿಸಿದ ಪತ್ರ ಯಾವತ್ತೂ ಹೊರಗೆ ಹೋಗಬಾರದು.

ಹೋಗಬಹುದಾದದ್ದು: ಕಟ್ಟಿಯಾದ ಹಳೆ ಕರೆಂಟ್ ಬಿಲ್ಲು, ಮುಗಿದ ವಾರಂಟಿ ಕಾರ್ಡು, ಮನೆಯಲ್ಲೇ ಇಲ್ಲದ ಟಿವಿಯ ಪುಸ್ತಕ, ಮದುವೆ ಆಮಂತ್ರಣಗಳು. ಆಧಾರ್, ಪ್ಯಾನ್ ಜೆರಾಕ್ಸನ್ನು ಮಾತ್ರ ಇಡಿಯಾಗಿ ರದ್ದಿಗೆ ಹಾಕಬೇಡಿ. ನೀರಲ್ಲಿ ನೆನೆಸಿ ಮುದ್ದೆ ಮಾಡಿದರೆ ಹರಿಯುವುದಕ್ಕಿಂತ ಬೇಗ ಆಗುತ್ತದೆ.

ಹಳೆಯ ಮನೆಯ ಅಟ್ಟದಲ್ಲಿ ತಾಳೆಗರಿ ಕಟ್ಟು, ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಕಡತ ಸಿಕ್ಕರೆ ಅಲ್ಲೇ ಕೈ ನಿಲ್ಲಿಸಿ. ಒರೆಸಬೇಡಿ, ನೀರು ತಾಗಿಸಬೇಡಿ, ದಾರ ಬಿಚ್ಚಬೇಡಿ. ಇಂಥ ಹಸ್ತಪ್ರತಿಗಳನ್ನು ಕಾಪಾಡುವ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಶುರುವಾದದ್ದು 1891ರಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ತಂದೊಪ್ಪಿಸಿದ ಗರಿಗಳಲ್ಲಿ ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. 1909ರಲ್ಲಿ ಅದು ಅಚ್ಚಾಯಿತು. ಆ ಪಂಡಿತರು ಗರಿಗಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದರೆ ಗೆದ್ದಲಿಗೆ ಹೋಗುತ್ತಿತ್ತೋ ಏನೋ. ಒಂದು ವಸ್ತುವನ್ನು ಸರಿಯಾದ ಕೈಗೆ ದಾಟಿಸುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ, 100 ವರ್ಷ ದಾಟಿದ ವಿಗ್ರಹದಂಥವು ಪ್ರಾಚ್ಯವಸ್ತುವಿನ ಲೆಕ್ಕಕ್ಕೆ ಬರುತ್ತವೆ. ಮಾರುವ ಮಾತೆತ್ತುವ ಮೊದಲು ಬಲ್ಲವರನ್ನು ಕೇಳಿ.

ಹೆಜ್ಜೆ 6: ಪುಸ್ತಕ

ಮಕ್ಕಳ ಹಳೆ ಪಠ್ಯಪುಸ್ತಕ ಶಾಲೆ ಶುರುವಾಗುವ ಮುಂಚೆಯೇ ಕೊಡಿ. ಆಗಸ್ಟಿನಲ್ಲಿ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ, ಸಿಲಬಸ್ ಬದಲಾಗಿದ್ದರೆ ರದ್ದಿಯೇ. ಕತೆ, ಕಾದಂಬರಿ, ಮಕ್ಕಳ ಪುಸ್ತಕಗಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಬಹಳ ಒಳ್ಳೆಯ ಜಾಗ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಮಕ್ಕಳನ್ನು ಓದಿಗೆ ಹಚ್ಚುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿಗೆ ಮಕ್ಕಳು ಬರುವುದು ಹೆಚ್ಚಿದೆ. ನಿಮ್ಮ ಹುಟ್ಟೂರಿನ ಕೇಂದ್ರಕ್ಕೇ ಕೊಟ್ಟರೆ ಮುಂದಿನ ಸಲ ಜಾತ್ರೆಗೆ ಹೋದಾಗ ನೋಡಿ ಬರಬಹುದು.

ಹೆಜ್ಜೆ 7: ಕರೆಂಟಿನ ಸಾಮಾನು

ಹಳೆ ಫೋನು, ಚಾರ್ಜರ್, ಸತ್ತ ಲ್ಯಾಪ್‌ಟಾಪ್, ರಿಮೋಟು ಎಲ್ಲ ಒಂದು ರಟ್ಟಿನ ಡಬ್ಬಕ್ಕೆ. ಫೋನಿನಿಂದ ಸಿಮ್, ಮೆಮೊರಿ ಕಾರ್ಡ್ ತೆಗೆದು ರೀಸೆಟ್ ಮಾಡಿ. ಹೊಟ್ಟೆ ಉಬ್ಬಿದ ಬ್ಯಾಟರಿ ಇದ್ದರೆ ಚುಚ್ಚಬೇಡಿ, ಮಡಚಬೇಡಿ. ಅದನ್ನು ಮರಳು ತುಂಬಿದ ಮಡಕೆಯಲ್ಲಿಟ್ಟು ಬೇಗ ಸಾಗಿಸಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಹಳೆ ಸಾಮಾನಿನ ಮರುಬಳಕೆಯ ಹೊಣೆ ತಯಾರಿಸಿದ ಕಂಪನಿಯದ್ದೇ. ಹಾಗಾಗಿ ಬ್ರ್ಯಾಂಡಿನ ಸರ್ವೀಸ್ ಸೆಂಟರಿನಲ್ಲಿ ವಾಪಸ್ ತಗೊಳ್ತಾರಾ ಅಂತ ಕೇಳಿ. ಇ-ತ್ಯಾಜ್ಯ ಬಿಡಿಸುವ ಇ-ಪರಿಸರ ಘಟಕ ಇರುವುದು ನಮ್ಮ ದಾಬಸ್‌ಪೇಟೆ ಹತ್ತಿರವೇ. ಯುಪಿಎಸ್ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಯವರೇ ಬೆಲೆ ಕಟ್ಟಿ ತೆಗೆದುಕೊಳ್ಳುತ್ತಾರೆ. ಟ್ಯೂಬ್‌ಲೈಟು, ಸಿಎಫ್ಎಲ್ ಬಲ್ಬಿನಲ್ಲಿ ಪಾದರಸ ಇದೆ, ಒಡೆಯದಂತೆ ಸುತ್ತಿ ಕೊಡಿ. ಅಂದಹಾಗೆ, ಯಾರದ್ದೋ ಹೆಸರಿನಲ್ಲಿ ಬಳಸದ ಗ್ಯಾಸ್ ಕನೆಕ್ಷನ್ ಇದ್ದರೆ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ. ಠೇವಣಿ ವಾಪಸ್ ಬರುತ್ತದೆ.

ಹೆಜ್ಜೆ 8: ದೇವರ ಪಟಗಳು

ಎಲ್ಲರೂ ತಡವರಿಸುವುದು ಇಲ್ಲೇ. ಗಾಜು ಒಡೆದ, ಗೆದ್ದಲು ಹಿಡಿದ ಪಟವನ್ನು ಮನೆಯಲ್ಲಿ ಇಡಲೂ ಮನಸ್ಸಿಲ್ಲ, ಎಸೆಯಲೂ ಭಯ. ಕೊನೆಗೆ ಕತ್ತಲಾದ ಮೇಲೆ ಅಶ್ವತ್ಥ ಕಟ್ಟೆಯ ಬುಡದಲ್ಲಿ ಇಟ್ಟು ಬರುತ್ತಾರೆ. ಅಲ್ಲಿ ಅದು ಮಳೆಯಲ್ಲಿ ನೆನೆದು, ಗಾಜು ಪ್ರದಕ್ಷಿಣೆ ಹಾಕುವವರ ಕಾಲಿಗೆ ಚುಚ್ಚುತ್ತದೆ. ಕೆರೆ, ಹೊಳೆಗೆ ಬಿಡುವುದೂ ಅಷ್ಟೇ ತಪ್ಪು.

ಮನೆಯಲ್ಲೇ ಗೌರವದಿಂದ ಮಾಡಬಹುದು. ಸ್ನಾನ ಮಾಡಿ, ಕೈಮುಗಿದು, ಪಟವನ್ನು ಬೋರಲು ಹಾಕಿ. ಹಿಂದಿನ ರಟ್ಟಿನ ಸುತ್ತ ಸಣ್ಣ ಮೊಳೆಗಳಿರುತ್ತವೆ, ಇಕ್ಕಳದಿಂದ ಒಂದೊಂದೇ ಕೀಳಿ. ರಟ್ಟು ಎತ್ತಿ, ಚಿತ್ರದ ಹಾಳೆಯನ್ನು ಮೆಲ್ಲಗೆ ಬಿಡಿಸಿ. ಈಗ ಕೆಳಗಿನ ಅಂಚನ್ನು ಓದಿ. ರವಿವರ್ಮ ಪ್ರೆಸ್ ಅಂತಲೋ ಬೇರೆ ಹಳೆ ಪ್ರೆಸ್ಸಿನ ಹೆಸರೋ ಇದ್ದರೆ ಹಾಳೆ ನೆನೆಸಬೇಡಿ. ಆ ಪ್ರೆಸ್ ಶುರುವಾದದ್ದು 1894ರಲ್ಲಿ, ಅಂಥ ಚಿತ್ರಗಳನ್ನು ಸಂಗ್ರಹಿಸುವವರಿದ್ದಾರೆ. ಚಿತ್ರದ ಮೇಲೆ ಉಬ್ಬು ಕೆಲಸ, ಚಿನ್ನದ ರೇಕು ಕಂಡರೆ ಮೈಸೂರು ಶೈಲಿಯ ಚಿತ್ರ ಇರಬಹುದು, ಬಲ್ಲ ಕಲಾವಿದರಿಗೆ ತೋರಿಸಿ.

ಮಾಮೂಲಿ ಕಾಗದವಾದರೆ ಬಕೆಟ್ಟಿನ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಮುದ್ದೆಯಾಗಿರುತ್ತದೆ. ಅದನ್ನು ಹೂವಿನ ಗಿಡಗಳ ನಡುವೆ ಗುಂಡಿ ತೋಡಿ ಮುಚ್ಚಿ. ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ 'ಗಾಜು' ಅಂತ ದೊಡ್ಡದಾಗಿ ಬರೆಯಿರಿ. ಚೌಕಟ್ಟಿಗೆ ಬೇರೆ ಫೋಟೋ ಹಾಕಬಹುದು. ಹಳೆ ಕ್ಯಾಲೆಂಡರು, ಆಮಂತ್ರಣದ ಮೇಲಿನ ಗಣಪತಿಗೂ ಇದೇ ದಾರಿ. ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು ಮಾತ್ರ ಕರಗುವುದಿಲ್ಲ, ಅದು ಒಣ ತ್ಯಾಜ್ಯ ಕೇಂದ್ರಕ್ಕೇ ಹೋಗಬೇಕು.

ಹೆಜ್ಜೆ 9: ಹಿರಿಯರ ಸಾಮಾನು, ಹೋದವರ ಸಾಮಾನು

ಅಪ್ಪ ಅಮ್ಮ ಊರಿಗೆ ಹೋದಾಗ ಅವರ ಕೋಣೆ ಖಾಲಿ ಮಾಡುವುದು ಅನ್ಯಾಯ. ಅವರು ಇರುವಾಗಲೇ, ಅವರ ಪಕ್ಕ ಕೂತು ಮಾಡಿ. "ಇದು ಬೇಕಾ, ಬೇಡ್ವಾ?" ಅಂತ ಕೇಳಿದರೆ "ಬೇಕು" ಅಂತಲೇ ಉತ್ತರ. "ಅಮ್ಮಾ, ಇದನ್ನ ಯಾರಿಗೆ ಕೊಡೋಣ?" ಅಂತ ಕೇಳಿ ನೋಡಿ. ಸ್ವಲ್ಪ ಹೊತ್ತು ಯೋಚಿಸಿ, "ನಿನ್ನ ಚಿಕ್ಕಮ್ಮನ ಮಗಳಿಗೆ ಒರಳು ಬೇಕು ಅಂತಿದ್ಲಲ್ಲ" ಅನ್ನುತ್ತಾರೆ. ಕೊಡುವವರು ಅವರೇ ಆಗಲಿ. ಸಾಧ್ಯವಾದರೆ ಅವರ ಕೈಯಲ್ಲೇ, ಅರಿಶಿನ ಕುಂಕುಮ ಇಟ್ಟು ಕೊಡಿಸಿ.

ಹೋದವರ ಸಾಮಾನಿಗೆ ಗಡುವು ಹಾಕಬೇಡಿ. ಹದಿಮೂರನೇ ದಿನವೇ ಬೀರು ಖಾಲಿಯಾಗಬೇಕೆಂದಿಲ್ಲ. ಆದರೆ ವಾಕರ್, ಗಾಲಿಕುರ್ಚಿ, ಕಮೋಡ್ ಕುರ್ಚಿ, ಗಾಳಿ ಹಾಸಿಗೆ ಇಂಥವನ್ನು ಮಾತ್ರ ಬೇಗ ಕೊಡಿ. ಇನ್ಯಾರದ್ದೋ ಮನೆಯಲ್ಲಿ ಇವತ್ತೇ ಅವು ಬೇಕಾಗಿರುತ್ತವೆ, ಹೊಸದು ಕೊಳ್ಳಲು ದುಡ್ಡು ಸಾಲದೆ ಇರಬಹುದು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೂ ಸಾಕು.

ಫೋಟೋ, ಕಾಗದಗಳಿಗೆ ಒಂದು ಡಬ್ಬ ಮೀಸಲಿಡಿ. ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು ಬರೆಸಿಕೊಳ್ಳಿ. ಗುರುತು ಹಿಡಿಯುವವರು ಇರುವಾಗಲೇ ಆಗಬೇಕಾದ ಕೆಲಸ ಇದು.

ಹೆಜ್ಜೆ 10: ಹೊರಗೆ ಸಾಗಿಸುವುದು, ಒಳಗೆ ಬಿಡದಿರುವುದು

ಬೇರೆ ಮಾಡಿದ ಚೀಲಗಳು ಬಾಗಿಲ ಹಿಂದೆ ತಿಂಗಳು ಕೂತರೆ ಮತ್ತೆ ಅಟ್ಟ ಏರುತ್ತವೆ. ಒಂದು ಹೆಜ್ಜೆ ಮುಗಿದ ವಾರದಲ್ಲೇ ಆ ರಾಶಿ ಮನೆ ದಾಟಬೇಕು. ಮೊದಲ ದಿನ ಬರೆದ ಹಾಳೆ ಇರುವುದು ಅದಕ್ಕೇ.

ಒಳಗೆ ಬರುವುದರಲ್ಲಿ ದೊಡ್ಡ ಪಾಲು ಸಮಾರಂಭಗಳದ್ದು. ನಿಮ್ಮ ಮನೆಯ ನಾಮಕರಣಕ್ಕೆ ಪ್ಲಾಸ್ಟಿಕ್ ಬುಟ್ಟಿಯ ರಿಟರ್ನ್ ಗಿಫ್ಟ್ ಬದಲು ಕೊಬ್ಬರಿ ಮಿಠಾಯಿ, ಚಟ್ನಿಪುಡಿ, ತುಳಸಿ ಸಸಿ ಕೊಡಿ. ಎಲ್ಲ ಖರ್ಚಾಗುವಂಥದ್ದು, ಬೆಳೆಯುವಂಥದ್ದು. ಆಮಂತ್ರಣದಲ್ಲಿ ಉಡುಗೊರೆ ಬೇಡ ಅಂತ ಬರೆಸಿದರೆ ಈಗ ಯಾರೂ ತಪ್ಪು ತಿಳಿಯುವುದಿಲ್ಲ. ಬಂದ ರವಿಕೆ ಕಣಗಳನ್ನು ಒಂದೇ ಡಬ್ಬಿಯಲ್ಲಿಡಿ. ಹೊಲಿಸುವಂಥದ್ದನ್ನು ತಿಂಗಳೊಳಗೆ ಟೈಲರಿಗೆ ಕೊಟ್ಟುಬಿಡಿ. ಉಳಿದ ಒಳ್ಳೆಯ ಬಟ್ಟೆ ಗೌರಿ ಹಬ್ಬದ ಬಾಗಿನಕ್ಕೆ ಆಗುತ್ತದೆ. ಹೊಸದು ಕೊಳ್ಳಲು ಪೇಟೆಗೆ ಹೊರಡುವ ಮೊದಲು ಆ ಡಬ್ಬಿ ತೆಗೆದು ನೋಡಿ.